ಯುರೇನಿಯಂ ಅದಿರು ಸಂಸ್ಕರಣಾ ಘಟಕದಲ್ಲಿ ಮಳೆ ನೀರಿನ ಲೆಕ್ಕ ಹೇಗೆ? ನಮ್ಮ ಕಡೆಯ ಕಡಿಮೆ ಮಳೆಗೂ ದೊಡ್ಡ ಹೊಂಡ ಬೇಕಾ?

ರಾಯಚೂರು ಸಿವಿಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಮಗೆ ಕೊಟ್ಟಿರುವ ಪ್ರಾಜೆಕ್ಟ್ ಏನೆಂದರೆ, ಯುರೇನಿಯಂ ಅದಿರನ್ನು ಪುಡಿ ಮಾಡಿ ಸಂಸ್ಕರಿಸುವ ಒಂದು ಘಟಕಕ್ಕೆ ಮಳೆ ನೀರಿನ ವ್ಯವಸ್ಥೆ ಡಿಸೈನ್ ಮಾಡಬೇಕು. ಘಟಕ ಕಾಗದದ ಮೇಲೆ ಮಾತ್ರ ಇದೆ. ಆದರೆ ಮಣ್ಣು, ಮಳೆ, ಇಳಿಜಾರು ಎಲ್ಲ ನಮ್ಮ ರಾಯಚೂರು ಜಿಲ್ಲೆಯದೇ ತಗೋಬೇಕು. ಪಕ್ಕದ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಇರುವುದರಿಂದ ನಮ್ಮ ಗೈಡ್ ಈ ವಿಷಯ ಆರಿಸಿದರು.

ಜಾಗ ಹೀಗಿದೆ. ಮೇಲೆ 30 ಹೆಕ್ಟೇರ್ ಕುರುಚಲು ಗುಡ್ಡ, ಅದರ ನೀರೆಲ್ಲ ಇಳಿದು ಬರುವುದು ನಮ್ಮ ಕಡೆಗೇ. ಅದರ ಕೆಳಗೆ ಅದಿರು ರಾಶಿ, ಕ್ರಷರ್, ಮಿಲ್ ಎಲ್ಲ ಸೇರಿ 6 ಹೆಕ್ಟೇರ್. ಪಕ್ಕದಲ್ಲಿ 25 ಹೆಕ್ಟೇರಿನ ಟೈಲಿಂಗ್ ಪಾಂಡ್, ಅಂದರೆ ಯುರೇನಿಯಂ ತೆಗೆದ ಮೇಲೆ ಉಳಿಯುವ ಕೆಸರನ್ನು ಒಡ್ಡು ಕಟ್ಟಿ ನಿಲ್ಲಿಸುವ ಹೊಂಡ. ಎಲ್ಲಕ್ಕಿಂತ ಕೆಳಗೆ ಒಂದು ಹಳ್ಳ, ಅದು ಹೋಗಿ ಕೃಷ್ಣೆ ಸೇರುತ್ತದೆ. ಮಣ್ಣು ಹೆಚ್ಚಾಗಿ ಎರೆಮಣ್ಣು.

ನನ್ನ ಗೊಂದಲ ಇದು. ನಮ್ಮಲ್ಲಿ ವರ್ಷಕ್ಕೆ ಬೀಳುವುದು 600 ಮಿ.ಮೀ. ಚಿಲ್ಲರೆ ಮಳೆ. ಆವಿಯಾಗುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಿದ್ದರೆ ಒಂದು ಚಿಕ್ಕ ಹೊಂಡ ತೋಡಿ, ಎಲ್ಲ ಕಡೆಯ ನೀರನ್ನೂ ಒಂದೇ ಕಾಲುವೆಯಲ್ಲಿ ಅಲ್ಲಿಗೆ ತಂದು ಒಣಗಲು ಬಿಟ್ಟರೆ ಸಾಕಾಗಲ್ವಾ? ಇನ್ನೊಂದು, ಟೈಲಿಂಗ್ ಪಾಂಡ್ ಅಪಾಯ ಅನ್ನುವುದು ಅರ್ಥ ಆಗುತ್ತದೆ. ಬರೀ ಅಂಗಳದ ಮೇಲೆ ಬಿದ್ದ ಮಳೆ ನೀರಿನಲ್ಲಿ ಹೆದರುವಂಥದ್ದು ಏನಿರುತ್ತದೆ? ಈ ಕೆಲಸ ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಸಂಡೂರು ಮೈನ್ಸ್:

ತಮ್ಮಾ, ಮೊದಲು ಆ ಒಂದೇ ಕಾಲುವೆಯ ಯೋಚನೆ ಬಿಡು. ಇಡೀ ಕೆಲಸ ನಿಂತಿರುವುದೇ ನೀರನ್ನು ಬೇರೆ ಬೇರೆ ಮಾಡುವುದರ ಮೇಲೆ.

ನಾನು ಇರುವುದು ಕಬ್ಬಿಣದ ಅದಿರಿನಲ್ಲಿ, ಯುರೇನಿಯಂನಲ್ಲಿ ಅಲ್ಲ. ಆದರೆ ಮಳೆ ಇಳಿಜಾರಿನಲ್ಲಿ ಹರಿಯುವ ರೀತಿ ಎಲ್ಲ ಕಡೆಯೂ ಒಂದೇ. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳಗಳು ಕೆಂಪಗೆ ಹರಿಯುತ್ತಿದ್ದುದನ್ನು ಬಳ್ಳಾರಿ ಜಿಲ್ಲೆಯ ಯಾರನ್ನು ಕೇಳಿದರೂ ಹೇಳುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತಲ್ಲ, ಆಮೇಲೆ ಗಣಿ ಮತ್ತೆ ತೆರೆಯಬೇಕಾದರೆ ಪುನಶ್ಚೇತನ ಯೋಜನೆ ಜಾರಿ ಮಾಡಲೇಬೇಕು ಅಂತ ಆಯಿತು. ಅದರಲ್ಲಿ ದೊಡ್ಡ ಭಾಗ ಈ ನೀರಿನ ಕೆಲಸವೇ. ಡಂಪ್, ಅಂದರೆ ಗಣಿಯ ತ್ಯಾಜ್ಯದ ರಾಶಿಯ ಬುಡಕ್ಕೆ ತಡೆಗೋಡೆ, ನೀರು ತಿರುಗಿಸಲು ಸುತ್ತಲೂ ಕಾಲುವೆ (ಗಾರ್ಲ್ಯಾಂಡ್ ಡ್ರೇನ್), ಕೊರಕಲುಗಳಿಗೆ ಕಲ್ಲಿನ ತಡೆ, ಕೆಳಗೆ ಚೆಕ್ ಡ್ಯಾಂ, ಹೂಳು ಕೂರುವ ಹೊಂಡ.

ರಾಶಿ ಮಾಡುವ ಕಣ ನೋಡಿದ್ದೀಯಲ್ಲ. ಮೇಲಿನ ಹೊಲದ ನೀರು ಕಣಕ್ಕೆ ನುಗ್ಗದ ಹಾಗೆ ಸುತ್ತ ಬದು ಹಾಕಿ, ಪಕ್ಕದಲ್ಲಿ ಕಾಲುವೆ ಕಡಿದು ತಿರುಗಿಸುತ್ತಾರೆ. ಇಲ್ಲಿಯೂ ಅದನ್ನೇ ಮಾಡು. ಮೇಲಿನ 30 ಹೆಕ್ಟೇರಿನ ನೀರು ಅದಿರನ್ನು ಮುಟ್ಟಿಲ್ಲ, ಅದು ಒಳ್ಳೆಯ ನೀರು. ಅದನ್ನು ಮೇಲೆಯೇ ಹಿಡಿದು ಘಟಕದ ಆಚೆಯಿಂದ ಸುತ್ತಿಸಿ ಹಳ್ಳಕ್ಕೆ ಬಿಡು. ಹಳ್ಳಕ್ಕೆ ಅದರ ಪಾಲು ಸಿಗಬೇಕು, ಕೆಳಗಿನವರ ನೀರು ಅದು. ಅಂಗಳದ 6 ಹೆಕ್ಟೇರಿನದು ಮುಟ್ಟಿದ ನೀರು, ಅದರಲ್ಲಿ ಒಂದು ತೊಟ್ಟೂ ಹೊರಗೆ ಹೋಗಬಾರದು. ಟೈಲಿಂಗ್ ಪಾಂಡ್ ಮೂರನೆಯದು, ಅದರ ಲೆಕ್ಕವೇ ಬೇರೆ.

ಈಗ ಅಂಕಿ ನೋಡು. ಒಂದು ದಿನಕ್ಕೆ 200 ಮಿ.ಮೀ. ಮಳೆ ಅಂತ ಸದ್ಯಕ್ಕೆ ಇಟ್ಟುಕೊಳ್ಳೋಣ. ಅಂಗಳ ಕಾಂಕ್ರೀಟ್, ಗಟ್ಟಿ ನೆಲ, ಹಾಗಾಗಿ ಬಿದ್ದದ್ದರಲ್ಲಿ ನೂರಕ್ಕೆ 90 ಭಾಗ ಹರಿಯುತ್ತದೆ. 6 ಹೆಕ್ಟೇರ್ ಅಂದರೆ 60,000 ಚದರ ಮೀಟರ್. ಅಲ್ಲಿಗೆ 10,800 ಘನ ಮೀಟರ್, ಅಂದರೆ 1 ಕೋಟಿ 8 ಲಕ್ಷ ಲೀಟರ್. ಮೇಲಿನ ಗುಡ್ಡದಲ್ಲಿ ಅರ್ಧ ಹರಿಯುತ್ತದೆ ಅಂದರೂ 30,000 ಘನ ಮೀಟರ್. ಎರಡನ್ನೂ ಒಂದೇ ಕಾಲುವೆಗೆ ಹಾಕಿದರೆ ನಿನ್ನ ಹೊಂಡ ಹತ್ತಿರ ಹತ್ತಿರ ನಾಲ್ಕು ಪಟ್ಟು ದೊಡ್ಡದಾಗಬೇಕು, ಸಾಲದ್ದಕ್ಕೆ 3 ಕೋಟಿ ಲೀಟರ್ ಒಳ್ಳೆಯ ನೀರನ್ನು ನೀನೇ ಕೈಯಾರೆ ಕೆಡಿಸಿದ ಹಾಗೆ.

ಗಂಗಾವತಿ ಕೆಮಿಸ್ಟ್:

ಸಂಡೂರಿನವರು ಹೇಳಿದ್ದು ಸರಿ. ನಾನು ಜಾರ್ಖಂಡ್ ಕಡೆ ಯುರೇನಿಯಂ ಮಿಲ್ ಒಂದರ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಈಗ ಗಂಗಾವತಿಯಲ್ಲಿದ್ದೇನೆ. ನೀರಿನಲ್ಲಿ ಏನಿರುತ್ತದೆ ಅನ್ನುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ನಮ್ಮ ದೇಶದ ಅದಿರಿನಲ್ಲಿ ಯುರೇನಿಯಂ ತುಂಬಾ ಕಡಿಮೆ. ಜಾರ್ಖಂಡಿನ ಜಾದುಗುಡ, ಆಂಧ್ರದ ತುಮ್ಮಲಪಲ್ಲಿ ಎರಡೂ ಕಡೆಯ ಗಣಿಗಳಲ್ಲಿ ಶೇ 0.1ಕ್ಕಿಂತ ಕೆಳಗೆ. ಗೋಗಿಯದು ಅವಕ್ಕಿಂತ ಮೇಲು. ಒಂದು ಟನ್ ಅದಿರು ಅರೆದರೆ ಒಂದು ಕೆ.ಜಿ. ಸಹ ಸಿಗದ ಕಡೆ, ಉಳಿದದ್ದೆಲ್ಲ ಟೈಲಿಂಗ್ ಆಗಿ ಅಲ್ಲೇ ಉಳಿಯುತ್ತದೆ. ಯುರೇನಿಯಂ ತೆಗೆದ ಮೇಲೆ ವಿಕಿರಣ ಹೋಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಅದಿರಿನಲ್ಲಿದ್ದ ವಿಕಿರಣದಲ್ಲಿ ಸುಮಾರು ಶೇ 85 ಭಾಗ ಟೈಲಿಂಗ್‌ನಲ್ಲೇ ಇರುತ್ತದೆ. ಯಾಕೆಂದರೆ ಥೋರಿಯಂ 230, ರೇಡಿಯಂ 226 ಇವುಗಳನ್ನು ಮಿಲ್ ತೆಗೆಯುವುದಿಲ್ಲ. ರೇಡಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ, 1,600 ವರ್ಷ, ಆ ಥೋರಿಯಂನದು ಸುಮಾರು 75,000 ವರ್ಷ. ಕಟ್ಟುವ ಒಡ್ಡು ಎಷ್ಟು ಕಾಲ ನಿಲ್ಲಬೇಕು ಅಂತ ಯೋಚಿಸುವಾಗ ಈ ಅಂಕಿಗಳು ಕಣ್ಣ ಮುಂದೆ ಇರಲಿ.

ಅಂಗಳದ ನೀರಿನಲ್ಲಿ ಎರಡು ಬಗೆಯ ತೊಂದರೆ ಇದೆ. ಒಂದು, ಪುಡಿ. ಕ್ರಷರ್ ಧೂಳು ಛಾವಣಿಯ ಮೇಲೆ, ರಸ್ತೆಯ ಮೇಲೆ, ಲಾರಿಯ ಟೈರಿಗೆ ಎಲ್ಲ ಕಡೆ ಕೂತಿರುತ್ತದೆ. ಬೇಸಿಗೆಯಿಡೀ ಕೂತದ್ದನ್ನು ಮೊದಲ ಮಳೆ ಒಂದೇ ಸಲಕ್ಕೆ ತೊಳೆದುಕೊಂಡು ಬರುತ್ತದೆ, ಹಾಗಾಗಿ ವರ್ಷದ ಮೊದಲ ಮಳೆಯ ನೀರೇ ಎಲ್ಲಕ್ಕಿಂತ ಕೆಟ್ಟದ್ದು. ರೇಡಿಯಂ, ಥೋರಿಯಂ ಹೆಚ್ಚಾಗಿ ಈ ಸಣ್ಣ ಕಣಗಳ ಜೊತೆ ಸಾಗುತ್ತವೆ. ಹೊಂಡದಲ್ಲಿ ನೀರು ನಿಂತು ತಿಳಿಯಾದರೆ ಇದರಲ್ಲಿ ಬಹುಪಾಲು ಹಿಡಿಯಬಹುದು. ಎರಡನೆಯದು ಕರಗಿದ ಯುರೇನಿಯಂ. ಅದು ತಳಕ್ಕೆ ಕೂರುವುದಿಲ್ಲ. ಕಬ್ಬಿಣದ ಗಣಿಯ ಹೂಳಿನ ಹೊಂಡಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ನೀರಿನ ಕೆಂಪು ಹೋದರೆ ಬಹುಮಟ್ಟಿಗೆ ಕೆಲಸ ಮುಗಿಯಿತು. ಇಲ್ಲಿ ನೀರು ಕನ್ನಡಿಯಷ್ಟು ತಿಳಿಯಾಗಿದ್ದರೂ ಕುಡಿಯಲು ಬಾರದ ನೀರಾಗಿರಬಹುದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ. ಕಣ್ಣಿಗೆ, ನಾಲಿಗೆಗೆ ಅದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಜಾದುಗುಡದಲ್ಲಿ ಸಲ್ಫ್ಯೂರಿಕ್ ಆಮ್ಲದಿಂದ ಯುರೇನಿಯಂ ಕರಗಿಸುತ್ತಾರೆ. ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲಿಯ ಕಲ್ಲು ಸುಣ್ಣದ ಅಂಶದ್ದು, ಅಲ್ಲಿ ಆಮ್ಲ ಹಾಕಿದರೆ ಕಲ್ಲೇ ಆಮ್ಲವನ್ನೆಲ್ಲ ತಿಂದುಬಿಡುತ್ತದೆ. ಅದಕ್ಕೇ ಅಲ್ಲಿ ಸೋಡಾ, ಅಂದರೆ ಕ್ಷಾರದ ವಿಧಾನ. ಗೋಗಿಯಲ್ಲಿಯೂ ಭೀಮಾ ಬೇಸಿನ್‌ನ ಸುಣ್ಣಕಲ್ಲು ಇದೆ. ಆದ್ದರಿಂದ ನಿನ್ನ ಪ್ರಾಜೆಕ್ಟಿನಲ್ಲಿ ಕ್ಷಾರದ ವಿಧಾನ ಹಿಡಿದರೆ ನೀರಿನ ಶುದ್ಧೀಕರಣವೂ ಬದಲಾಗುತ್ತದೆ. ಆಮ್ಲದ ಮಿಲ್ಲಿನ ನೀರಿಗೆ ಬೇರಿಯಂ ಕ್ಲೋರೈಡ್ ಹಾಕಿದರೆ ರೇಡಿಯಂ ಬೇರಿಯಂ ಸಲ್ಫೇಟ್ ಜೊತೆ ಸೇರಿ ತಳಕ್ಕೆ ಬೀಳುತ್ತದೆ, ಸುಣ್ಣ ಹಾಕಿದರೆ ಮ್ಯಾಂಗನೀಸ್ ಮತ್ತು ಉಳಿದ ಲೋಹಗಳು ಬೀಳುತ್ತವೆ. ಕಾರ್ಬೊನೇಟ್ ಇರುವ ನೀರಿನಲ್ಲಿ ಯುರೇನಿಯಂ ಅದನ್ನೇ ಹಿಡಿದುಕೊಂಡು ಕರಗಿಯೇ ಇರುತ್ತದೆ, ಸುಮ್ನೆ ಸುಣ್ಣ ಸುರಿದರೆ ಸರಿಯಾಗಿ ಬೀಳುವುದಿಲ್ಲ. ಮೊದಲು ಆಮ್ಲ ಹಾಕಿ ಕಾರ್ಬೊನೇಟ್ ಹೊರಗೆ ಓಡಿಸಬೇಕು, ಇಲ್ಲವೇ ಅಯಾನ್ ಎಕ್ಸ್‌ಚೇಂಜ್ ರೆಸಿನ್, ಅಂದರೆ ಕರಗಿದ ಯುರೇನಿಯಂ ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳ ಮೂಲಕ ಹಾಯಿಸಬೇಕು. ಹೊಂಡದ ಗಾತ್ರಕ್ಕೂ ಇದಕ್ಕೂ ನೇರ ಸಂಬಂಧ ಇದೆ, ಶುದ್ಧೀಕರಣ ನಿಧಾನವಾದಷ್ಟೂ ಹೊಂಡ ದೊಡ್ಡದಾಗಬೇಕು.

ಬಳ್ಳಾರಿ ಹೈಡ್ರಾಲಜಿ:

ಆ ಕೊನೆಯ ವಾಕ್ಯದಿಂದ ನಾನು ಮುಂದುವರಿಸುತ್ತೇನೆ. ಈ ವಿಷಯ ಪಾಠ ಮಾಡುವವಳು ನಾನು, ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಸರಾಸರಿ ಮಳೆ ಅನ್ನುವ ಕಡೆಯೇ.

ವರ್ಷದ 600 ಮಿ.ಮೀ. ದಿನಕ್ಕಿಷ್ಟು ಅಂತ ಹಂಚಿಕೊಂಡು ಬೀಳುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ನೆನಪಿಸಿಕೊಳ್ಳಿ. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯಪುರ, ಬಾಗಲಕೋಟೆ ಎಲ್ಲ ಕಡೆ ಕೆಲವೇ ದಿನಗಳಲ್ಲಿ ಸುರಿದ ಮಳೆಗೆ ಹಳ್ಳಿಗಳೇ ಮುಳುಗಿದವು, ತುಂಗಭದ್ರೆ ಮಂತ್ರಾಲಯದೊಳಗೆ ನುಗ್ಗಿತು. ಅದಕ್ಕೂ ಮುಂಚೆ ಜನ ಬರದ ಮಾತಾಡುತ್ತಿದ್ದರು. ಅಂಥ ಮೂರು ನಾಲ್ಕು ದಿನಗಳಿಗೆ ನಿಮ್ಮ ಹೊಂಡ ಇರಬೇಕು, ಉಳಿದ ದಿನಗಳಲ್ಲಿ ಅದು ಖಾಲಿ ಬಿದ್ದಿದ್ದರೂ ಪರವಾಗಿಲ್ಲ. ಖಾಲಿ ಇರುವುದೇ ಅದರ ಕೆಲಸ.

200 ಮಿ.ಮೀ. ಅನ್ನುವುದನ್ನು ಹಾಗೇ ತಗೋಬೇಡಿ. ಕೇಂದ್ರ ಜಲ ಆಯೋಗದ ಫ್ಲಡ್ ಎಸ್ಟಿಮೇಶನ್ ವರದಿಗಳಲ್ಲಿ ಕೃಷ್ಣಾ–ಪೆನ್ನಾರ್ ಭಾಗಕ್ಕೆ ಸಬ್‌ಜೋನ್ 3(ಎಚ್) ಅಂತ ಇದೆ. ಅದರಲ್ಲಿ 25, 50, 100 ವರ್ಷಕ್ಕೊಮ್ಮೆ ಬರುವ 24 ಗಂಟೆಯ ಮಳೆಯ ನಕ್ಷೆ ಸಿಗುತ್ತದೆ. ಜೊತೆಗೆ ರಾಜ್ಯ ವಿಕೋಪ ನಿರ್ವಹಣಾ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಪಂಚಾಯಿತಿ ಮಟ್ಟದಲ್ಲಿ ಇವೆ, 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಕಾಲುವೆಗೆ ಬೇಕಾಗುವುದು ಈ ಸಣ್ಣ ಅವಧಿಯ ಜೋರು, ಹೊಂಡಕ್ಕೆ ಬೇಕಾಗುವುದು ಒಟ್ಟು ನೀರು. ಎರಡನ್ನೂ ಕಲಸಬೇಡಿ.

ಉದಾಹರಣೆಗೆ ಗಂಟೆಗೆ 60 ಮಿ.ಮೀ. ಜೋರು ಇದ್ದರೆ ಮೇಲಿನ 30 ಹೆಕ್ಟೇರಿನಿಂದ ರ್‍ಯಾಷನಲ್ ವಿಧಾನದಲ್ಲಿ (ಹರಿಯುವ ಪಾಲು × ಮಳೆಯ ಜೋರು × ಹೆಕ್ಟೇರ್ ÷ 360) 0.5 × 60 × 30 ÷ 360, ಅಂದರೆ ಸೆಕೆಂಡಿಗೆ 2.5 ಘನ ಮೀಟರ್ ಬರುತ್ತದೆ. ಅಷ್ಟನ್ನು ಹೊರುವ ಕಾಲುವೆ ಬೇಕು.

ಈಗ ಹೊಂಡ. 10,800 ಘನ ಮೀಟರ್ ಒಂದೇ ದಿನ ತುಂಬಿತು ಅನ್ನೋಣ. ಶುದ್ಧೀಕರಣ ಘಟಕ ಗಂಟೆಗೆ 30 ಘನ ಮೀಟರಿನದಾದರೆ ಖಾಲಿಯಾಗಲು 360 ಗಂಟೆ, ಹದಿನೈದು ದಿನ. ಆ ಹದಿನೈದು ದಿನದಲ್ಲಿ ಇನ್ನೊಂದು ಮಳೆ ಬರುವುದಿಲ್ಲ ಅಂತ ಯಾರು ಹೇಳಬಲ್ಲರು? ಹಾಗಾಗಿ ಎರಡೇ ದಾರಿ. ಗಂಟೆಗೆ 90 ಘನ ಮೀಟರ್ ಪಂಪ್ ಮತ್ತು ಪ್ಲಾಂಟ್ ಇಟ್ಟು ಐದು ದಿನದಲ್ಲಿ ಖಾಲಿ ಮಾಡಬೇಕು, ಇಲ್ಲವೇ ಹೊಂಡ ದೊಡ್ಡದು ಮಾಡಬೇಕು. ಮಿಲ್ಲಿಗೆ ನೀರು ಬೇಕೇ ಬೇಕು, ಆದ್ದರಿಂದ ಇದೇ ನೀರನ್ನು ಮೊದಲು ಅಲ್ಲಿಗೆ ಕೊಡಿ, ನದಿಯಿಂದ ಎತ್ತುವುದು ಆಮೇಲೆ. ನಮ್ಮಂಥ ಒಣ ಸೀಮೆಯಲ್ಲಿ ಇದು ನಿಜವಾಗಿ ದಕ್ಕುವ ಲಾಭ.

ಆವಿಯ ವಿಷಯ. ಏಪ್ರಿಲ್‌ನಲ್ಲಿ ಆವಿ ನಿಮ್ಮ ಕೈ ಹಿಡಿಯುತ್ತದೆ, ಮೋಡ ಕವಿದು ಮಳೆ ಹಿಡಿದ ವಾರದಲ್ಲಿ ಅಷ್ಟು ಕೈ ಹಿಡಿಯುವುದಿಲ್ಲ. ಅದೂ ಅಲ್ಲದೆ ಆವಿಯಾಗುವುದು ನೀರು ಮಾತ್ರ, ಅದರಲ್ಲಿರುವುದೆಲ್ಲ ಗಟ್ಟಿಯಾಗುತ್ತಾ ಹೊಂಡದಲ್ಲೇ ಉಳಿಯುತ್ತದೆ.

ಆಸ್ಟ್ರೇಲಿಯಾದ ರೇಂಜರ್ ಗಣಿಯ ಬಗ್ಗೆ ಓದಿ. ಅಲ್ಲಿ ಮಳೆ ನಮ್ಮ ಎರಡು ಪಟ್ಟಿಗಿಂತ ಜಾಸ್ತಿ, ಸುತ್ತ ಕಕಾಡು ರಾಷ್ಟ್ರೀಯ ಉದ್ಯಾನ. ಮಿಲ್ ಮತ್ತು ಟೈಲಿಂಗ್ ಮುಟ್ಟಿದ ನೀರು ಒಂದು ವರ್ಗ, ಅದಿರು ರಾಶಿ ಮೇಲೆ ಬಿದ್ದ ಮಳೆ ನೀರು ಇನ್ನೊಂದು, ಹೊರಗೆ ಬಿಡಬಹುದಾದದ್ದು ಮತ್ತೊಂದು ಅಂತ ವಿಂಗಡಿಸಿ ಬೇರೆ ಬೇರೆ ಹೊಂಡಗಳಲ್ಲಿ ಇಟ್ಟರು. ಅಷ್ಟು ಮಾಡಿದರೂ ವರ್ಷದಿಂದ ವರ್ಷಕ್ಕೆ ಕೆಟ್ಟ ನೀರು ಕೂಡುತ್ತಾ ಹೋಗಿ, 2013ರಲ್ಲಿ ನೀರನ್ನು ಬಟ್ಟಿ ಇಳಿಸುವ ದೊಡ್ಡ ಯಂತ್ರವನ್ನೇ ಹಾಕಬೇಕಾಯಿತು. 2021ರ ಜನವರಿಯಲ್ಲಿ ಅದಿರು ಸಂಸ್ಕರಣೆ ನಿಂತಿತು, ನೀರಿನ ಕೆಲಸ ನಿಲ್ಲಲಿಲ್ಲ.

ದೇವದುರ್ಗ ಹೊಲ:

ನಾನು ಎಂಜಿನಿಯರ್ ಅಲ್ಲ, ಹಳ್ಳದ ದಂಡೆಯಲ್ಲಿ ಹೊಲ ಇರುವವನು. ನಿಮ್ಮ ಲೆಕ್ಕದಲ್ಲಿ ಹಳ್ಳ ಅಂದರೆ ಒಂದು ಗೆರೆ. ನಮಗೆ ಅದು ದನ ನೀರು ಕುಡಿಯುವ ಜಾಗ, ಹತ್ತಿ ಮೆಣಸಿನಕಾಯಿಗೆ ಪಂಪ್ ಇಡುವ ಜಾಗ. ಹೊಂಡ ತುಂಬಿ ರಾತ್ರಿ ಎರಡು ಗಂಟೆಗೆ ಉಕ್ಕಿದರೆ ನಮಗೆ ಯಾರು ಹೇಳುತ್ತಾರೆ? ನಾಳೆ ನಮ್ಮ ಬೋರಿನ ನೀರಿನಲ್ಲಿ ಯುರೇನಿಯಂ ಇದೆ ಅಂದರೆ, ಅದು ನಿಮ್ಮ ಕಲ್ಲಿನಲ್ಲೇ ಮೊದಲಿನಿಂದ ಇತ್ತು ಅಂತ ಹೇಳಿಬಿಡುತ್ತಾರೆ. ತುಮ್ಮಲಪಲ್ಲಿ ಸುತ್ತಲಿನ ರೈತರು ಬೋರ್‌ವೆಲ್ ನೀರು ಕೆಟ್ಟಿತು ಅಂತ ವರ್ಷಗಟ್ಟಲೆ ಹೇಳುತ್ತಿದ್ದಾರೆ. ಇದನ್ನು ನಿಮ್ಮ ಪ್ರಾಜೆಕ್ಟಿನಲ್ಲಿ ಎಲ್ಲಾದರೂ ಬರೆಯುತ್ತೀರಾ ತಮ್ಮಾ?

ರಾಯಚೂರು ಸಿವಿಲ್:

ಬರೆಯುತ್ತೇನೆ ಅಣ್ಣ, ನೀವು ಕೇಳಿದ್ದು ನನ್ನ ಸಿಲಬಸ್‌ನಲ್ಲಿ ಇಲ್ಲದಿದ್ದರೂ ಅದಕ್ಕೊಂದು ಅಧ್ಯಾಯ ಇಡುತ್ತೇನೆ. ಎಲ್ಲರಿಗೂ ಧನ್ಯವಾದ, ನೀರು ಮೂರು ಪಾಲು ಮಾಡಿಕೊಂಡು ಲೆಕ್ಕ ಶುರು ಮಾಡಿದೆ.

ಇನ್ನು ಎರಡು ವಿಷಯ ಕೇಳಬೇಕು. ಅಂಗಳದ ನೀರು ಜಾಸ್ತಿಯಾದ ದಿನ ಟೈಲಿಂಗ್ ಪಾಂಡ್‌ಗೆ ಪಂಪ್ ಮಾಡಿದರೆ ಆಗುತ್ತಾ? ಅಲ್ಲಿ 25 ಹೆಕ್ಟೇರ್ ಜಾಗ ಇದೆಯಲ್ಲ. ಇನ್ನೊಂದು, ಎರೆಮಣ್ಣು ನೀರು ಇಂಗಲು ಬಿಡುವುದಿಲ್ಲ ಅಂತಾರೆ. ಹೊಂಡದ ತಳಕ್ಕೆ ಅದನ್ನೇ ಒತ್ತಿ ಬಿಟ್ಟರೆ ಶೀಟ್ ಖರ್ಚು ಉಳಿಯಲ್ವಾ?

ಗಂಗಾವತಿ ಕೆಮಿಸ್ಟ್:

ದೇವದುರ್ಗದವರ ಮಾತು ಮೊದಲು. ಕಲ್ಲಿನಲ್ಲಿ ಮೊದಲೇ ಇತ್ತು ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಗ್ರಾನೈಟ್ ಸೀಮೆಯ ಅಂತರ್ಜಲದಲ್ಲಿ ಯುರೇನಿಯಂ, ಫ್ಲೋರೈಡ್ ಸಹಜವಾಗಿಯೇ ಇರುತ್ತವೆ. ಅದಕ್ಕಾಗಿಯೇ ಘಟಕದ ಮೊದಲ ಕಲ್ಲು ಇಡುವ ಮುಂಚೆ ಸುತ್ತಲಿನ ಬೋರು, ಬಾವಿ, ಹಳ್ಳ ಎಲ್ಲದರ ನೀರು ಪರೀಕ್ಷೆ ಮಾಡಿ ಬರೆದಿಡಬೇಕು. ಒಂದು ಸಲ ಅಲ್ಲ. ಮಳೆಗಾಲದ ಮುಂಚೆ, ಮಳೆಗಾಲದಲ್ಲಿ, ಆಮೇಲೆ, ಹೀಗೆ ಕೆಲವು ವರ್ಷ. ಆ ದಾಖಲೆ ಪಂಚಾಯಿತಿ ಕೈಯಲ್ಲೂ ಇರಬೇಕು. ಘಟಕ ಶುರುವಾದ ಮೇಲೆ ಹಳ್ಳದಲ್ಲಿ ಮೇಲೊಂದು ಕಡೆ, ಕೆಳಗೊಂದು ಕಡೆ ಮಾದರಿ ತೆಗೆಯಬೇಕು, ಮಳೆ ನಿಂತು ನೀರು ತಿಳಿಯಾದ ಮೇಲೆ ಅಲ್ಲ, ಹಳ್ಳ ಬರುತ್ತಿರುವಾಗಲೇ. ಸೋಸಿದ ನೀರು, ಸೋಸದ ನೀರು ಎರಡೂ ಪರೀಕ್ಷೆಗೆ ಹೋಗಬೇಕು. ಸೋಸಿದ್ದನ್ನು ಮಾತ್ರ ಕಳಿಸಿದರೆ ಕಣಗಳ ಜೊತೆ ಸಾಗುವ ರೇಡಿಯಂ ಲೆಕ್ಕಕ್ಕೇ ಬರುವುದಿಲ್ಲ.

ಟೈಲಿಂಗ್ ಪಾಂಡ್‌ಗೆ ಪಂಪ್ ಮಾಡುವ ಯೋಚನೆ ಬೇಡ. ಅದೇ 200 ಮಿ.ಮೀ. ಮಳೆ ಅದರ ಮೇಲೂ ಬಿದ್ದಿರುತ್ತದೆ, ಅಲ್ವಾ? 25 ಹೆಕ್ಟೇರಿಗೆ 50,000 ಘನ ಮೀಟರ್ ನೇರವಾಗಿ ಒಳಗೇ ಬಿತ್ತು. ನೀರು ಒಂದು ಮೂಲೆಯಲ್ಲಿ ಕೂಡುವುದರಿಂದ ಅಲ್ಲಿ ಏರಿಕೆ 20 ಸೆಂ.ಮೀ.ಗಿಂತ ತುಂಬಾ ಜಾಸ್ತಿ. ಅದು ಒಡ್ಡಿಗೆ ತಾಗಿ ನಿಲ್ಲಬಾರದು. 1979ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಚರ್ಚ್ ರಾಕ್ ಯುರೇನಿಯಂ ಮಿಲ್ಲಿನ ಟೈಲಿಂಗ್ ಒಡ್ಡು ಒಡೆಯಿತು. ತಳದ ನೆಲ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಕುಸಿದು ಒಡ್ಡಿನಲ್ಲಿ ಬಿರುಕು ಬಿಟ್ಟಿತ್ತು, ಆಮ್ಲದ ನೀರು ಆ ಬಿರುಕಿಗೆ ತಾಗಿ ನಿಂತಿತ್ತು. ಸುಮಾರು 35 ಕೋಟಿ ಲೀಟರ್ ಕೆಟ್ಟ ನೀರು, 1,000 ಟನ್‌ಗೂ ಹೆಚ್ಚು ಟೈಲಿಂಗ್ ಪ್ವೆರ್ಕೊ ನದಿಗೆ ಹೋಯಿತು. ನವಾಹೊ ಜನ ಕುರಿ ಮೇಯಿಸುತ್ತಿದ್ದ ಸೀಮೆ ಅದು. ಆ ದಿನ ಅಲ್ಲಿ ದೊಡ್ಡ ಮಳೆಯೇನೂ ಇರಲಿಲ್ಲ.

ಸಂಡೂರು ಮೈನ್ಸ್:

ಎರೆಮಣ್ಣಿನ ಪ್ರಶ್ನೆ ನನಗೆ ಬಿಡಿ. ಒದ್ದೆ ಇರುವ ತನಕ ಅದು ನೀರು ಬಿಡುವುದಿಲ್ಲ, ನಿಜ. ಆದರೆ ನಿನ್ನ ಹೊಂಡ ವರ್ಷದಲ್ಲಿ ಬಹುಪಾಲು ಖಾಲಿ ಇರಬೇಕು ಅಂತ ಮೇಡಂ ಹೇಳಿದರಲ್ಲ. ಖಾಲಿ ಇದ್ದರೆ ಒಣಗುತ್ತದೆ, ಒಣಗಿದರೆ ಎರೆ ಬಾಯಿ ಬಿಡುತ್ತದೆ. ಮೇ ತಿಂಗಳಲ್ಲಿ ಎರೆ ಹೊಲದ ಬಿರುಕಿನಲ್ಲಿ ಕೈ ಇಳಿಯುತ್ತದೆ, ನೋಡಿರುತ್ತೀಯ. ಆಗ ಬರುವ ಮೊದಲ ಮಳೆ, ಅಂದರೆ ಅತಿ ಕೆಟ್ಟ ನೀರು, ನೇರವಾಗಿ ಆ ಬಿರುಕಿಗೆ ಇಳಿಯುತ್ತದೆ. ಆದ್ದರಿಂದ ಒತ್ತಿದ ಮಣ್ಣಿನ ಮೇಲೆ ಎಚ್‌ಡಿಪಿಇ ಪ್ಲಾಸ್ಟಿಕ್ ಶೀಟ್ ಹಾಕಲೇಬೇಕು, ಅದರ ಕೆಳಗೆ ಸೋರಿಕೆ ಗೊತ್ತಾಗುವ ಪೈಪ್ ಮತ್ತು ಒಂದು ಚಿಕ್ಕ ಸಂಪ್ ಇರಲಿ. ಅದಿರು ರಾಶಿಯ ನೆಲಕ್ಕೂ ಕಾಂಕ್ರೀಟ್, ಒಂದು ಕಡೆಗೆ ಇಳಿಜಾರು. ಲಾರಿ ಹೊರಗೆ ಹೋಗುವ ಗೇಟಿನಲ್ಲಿ ಟೈರ್ ತೊಳೆಯುವ ತೊಟ್ಟಿ, ಅದರ ನೀರೂ ಇದೇ ಹೊಂಡಕ್ಕೆ.

ಮೇಲಿನ ಗಾರ್ಲ್ಯಾಂಡ್ ಡ್ರೇನ್ ಎರೆಯಲ್ಲಿ ಕಚ್ಚಾ ಬಿಡಬೇಡ. ಸೆಕೆಂಡಿಗೆ 2.5 ಘನ ಮೀಟರ್ ಹರಿಯುವಾಗ ನೀರಿನ ವೇಗ ಸುಲಭವಾಗಿ ಒಂದು ಮೀಟರ್ ದಾಟುತ್ತದೆ, ಆ ವೇಗಕ್ಕೆ ಬದಿ ಕೊಚ್ಚಿ ಕುಸಿಯುತ್ತದೆ. ಕುಸಿದ ಮಣ್ಣು ಕಾಲುವೆಗೆ ಅಡ್ಡ ಬಿದ್ದರೆ ಗುಡ್ಡದ ನೀರೆಲ್ಲ ಅಂಗಳಕ್ಕೇ ನುಗ್ಗುತ್ತದೆ, ಅಲ್ಲಿಗೆ ನಿನ್ನ ಹೊಂಡದ ಲೆಕ್ಕ ಮುಗಿಯಿತು. ಗರಸು ಹಾಕಿ ಕಲ್ಲು ಪಿಚಿಂಗ್ ಮಾಡಿಸು, ತಿರುವುಗಳಲ್ಲಿ ಕಾಂಕ್ರೀಟ್. ಗೇಟು ಗೀಟು ಏನೂ ಬೇಡ, ನೀರು ತನ್ನಷ್ಟಕ್ಕೆ ಇಳಿದು ಹೋಗಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಹೋದದ್ದು ನಮ್ಮೆಲ್ಲರ ಕಣ್ಣೆದುರೇ ಆಯಿತಲ್ಲ.

ಮೇ ತಿಂಗಳಲ್ಲಿ ಹೊಂಡದ ಹೂಳು ತೆಗೆಸಬೇಕು, ತೆಗೆದ ಹೂಳು ಸಾದಾ ಮಣ್ಣಲ್ಲ, ಅದು ಟೈಲಿಂಗ್ ಪಾಂಡ್‌ಗೇ ಹೋಗಬೇಕು. ಪಂಪ್‌ಗೆ ಡೀಸೆಲ್ ಜನರೇಟರ್ ಇಡು, ಜೋರು ಮಳೆ ಗಾಳಿ ಬಂದರೆ ಮೊದಲು ಹೋಗುವುದು ಕರೆಂಟೇ. ಹೊಂಡದ ಮಟ್ಟ ಒಂದು ಗೆರೆ ದಾಟಿದ ಕೂಡಲೇ ಕೆಳಗಿನ ಹಳ್ಳಿಗೆ ಕೇಳುವಂತೆ ಸೈರನ್ ಕೂಗಬೇಕು, ಪಂಚಾಯಿತಿಗೆ ಫೋನ್ ಹೋಗಬೇಕು. ಅದನ್ನೂ ಡ್ರಾಯಿಂಗ್‌ನಲ್ಲೇ ತೋರಿಸು.

ದೇವದುರ್ಗ ಹೊಲ:

ಸೈರನ್ ಹಳ್ಳದ ಆ ದಂಡೆಗೂ ಕೇಳಬೇಕು. ಆ ಕಡೆಯೂ ಮನೆಗಳಿವೆ, ಹಳ್ಳ ಬಂದಾಗ ಅವರು ದಾಟಿ ಬರಲು ಆಗುವುದಿಲ್ಲ.